ತೊಂದರೆ: ಇಲ್ಲ

ಮಾನ್ಯ ಕ್ಯಾನ್ಸರ್ ಆಸ್ಪತ್ರೆಯ ಅಧೀಕ್ಷಕರೇ,

ನಿಮ್ಮವರು ನನ್ನ ಹೆಂಡತಿಯ ಗೆಡ್ಡೆಯನ್ನು ಕರಗಿಸುತ್ತಿದ್ದಾರೆ, ಕೈ ಮುಗಿಯುತ್ತೇನೆ. ಜೊತೆಗೆ ಅವಳ ಬೆರಳುಗಳನ್ನೂ ಕೊಂದಿದ್ದಾರೆ, ಅವಳನ್ನು ಒಂದು ಮಾತೂ ಕೇಳದೆ. ‘ರೋಗಿಯೇ ನಮ್ಮ ಕೇಂದ್ರಬಿಂದು’ ಎಂದು ಬಾಗಿಲಲ್ಲಿ ಬರೆಸಿದ್ದೀರಲ್ಲ, ಆ ಬಿಂದುವನ್ನು ಯಾರಾದರೂ ಮಾತನಾಡಿಸಿದ್ದುಂಟೇ?

ನಾವಿಬ್ಬರೂ ದರ್ಜಿಗಳು. ಕತ್ತರಿ, ಮಿಷನ್ನು ನನ್ನದು. ಕಾಜಾ, ಗುಂಡಿ, ಕೈಹೊಲಿಗೆಯೆಲ್ಲ ಅವಳದು. ಇಪ್ಪತ್ತೆರಡು ವರ್ಷದಿಂದ ಹಾಗೇ. ಮೂರನೆಯ ಕೀಮೋ ಡ್ರಿಪ್ ಹಾಕಿಸಿಕೊಂಡು ಬಂದ ವಾರ ಗಿರಾಕಿಯೊಬ್ಬರ ಬಿಳಿ ಅಂಗಿಗೆ ಗುಂಡಿ ಹಾಕುತ್ತ ಕುಳಿತಿದ್ದಳು. ನೋಡಿದರೆ ಅಂಗಿಯ ತುಂಬ ರಕ್ತ. ಸೂಜಿ ಬೆರಳಿಗೆ ನೆಟ್ಟದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. “ಅಯ್ಯೋ, ಯಾರದು ರೀ ಈ ರಕ್ತ?” ಎಂದಳು.

ಮೊದಲನೆಯ ಡ್ರಿಪ್ಪಿನಿಂದಲೇ ಬೆರಳು ಜೋಮು ಹಿಡಿದಿತ್ತಂತೆ. ಯಾಕೆ ಹೇಳಲಿಲ್ಲ ಎಂದು ರೇಗಿದೆ. “ಹೇಳೋಣ ಅಂತ ಬಾಯಿ ತೆಗೆಯೋಷ್ಟರಲ್ಲಿ ಮುಂದಿನ ನಂಬರು ಹದಿನೆಂಟು ಅಂತ ಕೂಗಿಬಿಡ್ತಾರೆ. ನಾನು ಹದಿನೇಳು.” ಫೈಲು ತೆಗೆದು ನೋಡಿದೆ. ಮೂರು ಭೇಟಿಗೂ ‘ತೊಂದರೆ: ಇಲ್ಲ’ ಎಂದು ದುಂಡಗೆ ಬರೆದಿದೆ. ಸಾಲು ಬೇಗ ಸಾಗಲೆಂದು ನಿಮ್ಮವರು ಆ ಜಾಗವನ್ನು ಮೊದಲೇ ತುಂಬಿಡುತ್ತಾರಂತೆ. ಭಲೇ! ಕೇಳುವ ಮುಂಚೆಯೇ ಉತ್ತರ ತಿಳಿಯುವ ವಿದ್ಯೆಯನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ ಸ್ವಾಮಿ?

ಓಡಿ ಬಂದು ವೈದ್ಯರಿಗೆ ಹೇಳಿದರೆ, ಅವರು ರಿಪೋರ್ಟಿನಿಂದ ತಲೆ ಎತ್ತದೆ, “ಜೀವ ಮುಖ್ಯಾನೋ ಬೆರಳು ಮುಖ್ಯಾನೋ?” ಎಂದರು. ಹೊರಗೆ ನರ್ಸಮ್ಮ ದನಿ ತಗ್ಗಿಸಿ, “ಮೊದಲೇ ಗೊತ್ತಾಗಿದ್ರೆ ಔಷಧ ಕಡಿಮೆ ಮಾಡಬಹುದಿತ್ತು ಅಣ್ಣ, ಬೇರೆ ಔಷಧಾನೂ ಇತ್ತು” ಎಂದರು. ಆಗ ನನ್ನ ಮೈಯೆಲ್ಲ ಉರಿದುಹೋಯಿತು. ಒಂದು ಪ್ಯಾಂಟು ಹೊಲಿಯಬೇಕಾದರೂ ನಾನು ಗಿರಾಕಿಯನ್ನು, ಕೂತು ಮಾಡುವ ಕೆಲಸವೋ ನಿಂತು ಮಾಡುವ ಕೆಲಸವೋ ಎಂದು ಕೇಳಿಯೇ ಟೇಪು ಹಿಡಿಯುತ್ತೇನೆ. ಅಷ್ಟೆಲ್ಲ ಓದಿದ ನಿಮ್ಮವರಲ್ಲಿ ಒಬ್ಬರಿಗಾದರೂ “ಏನಮ್ಮ ಕೆಲಸ ಮಾಡ್ತೀಯ?” ಎಂದು ಕೇಳಲು ಬಾಯಿ ಬರಲಿಲ್ಲವೇ?

ಈಗ ಅವಳು ಹಟ ಹಿಡಿದಿದ್ದಾಳೆ. “ನಾಲ್ಕನೇದು ಬೇಡ ರೀ. ಬದುಕಿ ಕೈ ಕಟ್ಕೊಂಡು ಕೂರೋಕಾ?” ಡ್ರಿಪ್ ಬಿಟ್ಟರೆ ಗೆಡ್ಡೆ ಬಿಡುವುದಿಲ್ಲ ಎಂದು ನನಗೂ ಗೊತ್ತು. ಕೋಪದ ಮಾತು ಹಾಗಿರಲಿ, ನನಗೆ ಭಯವಾಗಿದೆ.

ಗುರುವಾರ ನಾಲ್ಕನೆಯ ಡ್ರಿಪ್ಪು, ಕಾಲು ಹಿಡಿದಾದರೂ ಅವಳನ್ನು ಕರೆತರುತ್ತೇನೆ. ವೈದ್ಯರು ಫೈಲು ಮುಚ್ಚಿ, ಎದುರು ಕುಳಿತು, ಅವಳ ಬೆರಳು ಮುಟ್ಟಿ ಕೇಳಲಿ. ಔಷಧ ಬದಲಿಸುವ ಮಾತು ಅವಳೊಂದಿಗೇ ಆಗಲಿ. ಅವಳು ಹೇಳಿದ ಮೇಲೆ ಬರೆಯಲಿ. ಯಾಕೆಂದರೆ ನಿಮ್ಮವರು ಫೈಲಿಗೆ ಮುಂಚೆಯೇ ಸೇರಿಸಿಕೊಟ್ಟ ಗುರುವಾರದ ಹಾಳೆ ಈಗ ನನ್ನ ಮುಂದಿದೆ. ಅದರಲ್ಲೂ ಆಗಲೇ ‘ತೊಂದರೆ: ಇಲ್ಲ’ ಎಂದು ಬರೆದಾಗಿದೆ. ಮೊದಲು ಅದನ್ನು ಹೊಡೆದುಹಾಕಿಸಿ.

ಇಂತಿ,
ನಿಮ್ಮ ವಾರ್ಡಿನಲ್ಲಿ ಬೇರೆ ಹೆಸರಿಲ್ಲದ,
‘ಹದಿನೇಳರ ಕಡೆಯವನು’