ಹುಳ ಗೂಡು ಕಟ್ಟುವವರೆಗೆ

ಶಿಡ್ಲಘಟ್ಟ ತಾಲ್ಲೂಕು, ೧೪-೮-೧೯೫೯

ಮಲೇರಿಯಾ ಇನ್‌ಸ್ಪೆಕ್ಟರ್ ಸ್ವಾಮಿಯವರಿಗೆ ನಮಸ್ಕಾರ.

ಇವತ್ತು ಏಕಾದಶಿ, ಉಪವಾಸ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಬರೆಯಲು ಕೂತೆ. ಸೋಮವಾರ ಡಿ.ಡಿ.ಟಿ. ಹೊಡೀತೀವಿ ಅಂತ ನಿಮ್ಮವರು ಗೋಡೆ ಮೇಲೆ ಬರೆದು ಹೋಗಿದ್ದಾರೆ. ದೇಶದೇಶಗಳು ಸೇರಿದ ಸಂಘ ಕಳಿಸಿದ ಔಷಧಿಯಂತೆ. ಅದರಿಂದ ನನ್ನ ಮಗಳ ಚಳಿಜ್ವರ ಹೋಯಿತು, ಸುಳ್ಳು ಹೇಳಲಾರೆ. ಆದರೆ ಹೋದ ವರ್ಷ ಅದೇ ಔಷಧಿಗೆ ಹುಳವೆಲ್ಲ ಸತ್ತವು. ಸಿಟ್ಟಿಗೆ, ಮಡಿಯ ನೆಪ ಹೇಳಿ ಔಷಧಿ ಮುಚ್ಚಿಹೋಗುವಂತೆ ಗೋಡೆಗೆಲ್ಲ ಸಗಣಿ ಸಾರಿಸಿಬಿಟ್ಟೆ, ತಪ್ಪಾಯಿತು. ಈ ಸಲ ಸಾರಿಸಲ್ಲ, ದೇವರಾಣೆ. ಎಂಟು ದಿನ ತಡೆಯಿರಿ, ಹುಳ ಹಣ್ಣಾಗಿ ಗೂಡು ಕಟ್ಟಲಿ.

ಆ ಸಂಘದ ಸಭೆಯಲ್ಲಿ ಹುಳದ ಪರವಾಗಿ ಮಾತಾಡೋರು ಯಾರಾದರೂ ಇದ್ದಾರಾ? ಇಲ್ಲದಿದ್ದರೆ ನೀವೇ ಒಂದು ಮಾತು ಬರೆಯಿರಿ.

ಈ ಕಾಗದ ತಂದವನು ನನ್ನ ತಮ್ಮ ವೆಂಕಟರಾಮಪ್ಪ. ನಿಮ್ಮ ಉತ್ತರ ಅವನ ಕೈಲೇ ಕೊಡಿ, ಕಾದಿರ್ತಾನೆ.

ಇಂತಿ,
ಅಕ್ಕಯ್ಯಮ್ಮ