ಎರಡನೇ ಕ್ಲಾಸು ಮುಗಿಯುವವರೆಗೆ

ಭಾನುವಾರ, ಹದಿನೆಂಟನೇ ತಾರೀಖು

ಏನೂಂದ್ರೆ,

ಮೊದಲು ಕನಸು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಿಕ್ಕಿದ್ದು ಬರೆಯಲು ಕೈ ಏಳುವುದಿಲ್ಲ. ಮೆಣಸಿಯನ್ನು ಕರೆದುಕೊಂಡು ಬರಲು ಸ್ಕೂಲಿಗೆ ಹೋಗಿದ್ದೇನೆ. ಎಲ್ಲ ಕ್ಲಾಸಿನ ಬಾಗಿಲೂ ತೆರೆದಿದೆ. ಎರಡನೇ ಕ್ಲಾಸು ಯಾವುದು ಅಂತ ಕೇಳಿದರೆ ಒಳಗಿದ್ದವರು "ಮುಂದಿನದು" ಅನ್ನುತ್ತಾರೆ. ಮುಂದಿನದಕ್ಕೆ ಹೋದರೆ ಅವರೂ "ಮುಂದಿನದು" ಅನ್ನುತ್ತಾರೆ. ಕೊನೆಗೆ ಕಾರಿಡಾರೇ ಮುಗಿದುಹೋಗಿ ನಾನು ಕಾಜ ಹಾಕುವ ಟೈಲರ್ ಅಂಗಡಿ ಬಂತು. ಅಲ್ಲಿ ಮೇಸ್ತ್ರಿ ಕತ್ತರಿ ಹಿಡಿದುಕೊಂಡು, "ಎರಡನೇ ಕ್ಲಾಸಾ? ಅದನ್ನ ನಿನ್ನೇನೇ ಪ್ಯಾಕ್ ಮಾಡಿ ಕಳಿಸಿದ್ವಲ್ಲ" ಅಂದರು. ನೀವು ನಗುತ್ತೀರಿ, ಗೊತ್ತು. ಎಚ್ಚರವಾಯಿತು. ಕೈ ಚಾಚಿ ನೋಡಿದೆ, ಮಗಳು ಪಕ್ಕದಲ್ಲೇ ಇದ್ದಳು, ಒಂದು ಕಾಲು ನನ್ನ ಹೊಟ್ಟೆ ಮೇಲೆ.

ನಿಮ್ಮ ಕಾಗದ ಬಂದು ವಾರದ ಮೇಲಾಯಿತು. ತಡವಾಯಿತು ಅಂತ ಮುಖ ಊದಿಸಿಕೊಳ್ಳಬೇಡಿ. ಎರಡು ಸಲ ಬರೆಯಲು ಕೂತೆ, ಎರಡು ಸಲವೂ ಅರ್ಧಕ್ಕೇ ಎದ್ದೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಮೆಣಸಿಯ ಮುಂದಿನ ಹಲ್ಲು ಇನ್ನೊಂದು ಅಲ್ಲಾಡುತ್ತಿದೆ. ನಿಮ್ಮ ಕೆಮ್ಮು ಹೇಗಿದೆ? ಹೊಸ ಫ್ಯಾಕ್ಟರಿಯಲ್ಲಿ ಮಿಷನ್ನು ಕೂರಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀರೋ ಇಲ್ಲವೋ? ಕಟ್ಟಿಕೊಳ್ಳುತ್ತೇನೆ ಅಂತ ಬರೆದಿದ್ದೀರಿ, ಆದರೆ ಬರೆಯುವುದಕ್ಕೂ ಕಟ್ಟಿಕೊಳ್ಳುವುದಕ್ಕೂ ವ್ಯತ್ಯಾಸ ಇದೆ.

ಮನೆ ನೋಡಿದ್ದೀರಿ, ಎರಡು ಕೋಣೆ, ನಲ್ಲಿ ಒಳಗೇ ಇದೆ ಅಂದಿರಿ. ಸಂತೋಷ. (ನಲ್ಲಿ ಒಳಗಿದ್ದರೆ ಸೋರಿದಾಗ ನೀರೂ ಒಳಗೇ ತಾನೆ? ಒಮ್ಮೆ ಗಟ್ಟಿಯಾಗಿ ತಿರುಗಿಸಿ ನೋಡಿ.) ಮುಂದಿನ ತಿಂಗಳು ಸೂಪರ್‌ವೈಸರ್ ಸಾಹೇಬರ ಸಾಮಾನು ವ್ಯಾನಿನಲ್ಲಿ ಬರುತ್ತದೆ, ನಮ್ಮದನ್ನೂ ಅದರಲ್ಲೇ ಹಾಕಿ ಇಬ್ಬರೂ ಬಂದುಬಿಡಿ ಅಂತ ಬರೆದಿದ್ದೀರಿ. ಮಗುವಿನ ಸ್ಕೂಲಿನ ವಿಷಯಕ್ಕೆ ಒಂದೇ ಸಾಲು: ಎರಡನೇ ಕ್ಲಾಸು ಎಲ್ಲಿ ಹೋದರೂ ಎರಡನೇ ಕ್ಲಾಸೇ ತಾನೆ.

ಆ ಸಾಲಿನ ಹತ್ತಿರವೇ ನಾನು ಎರಡು ಸಲವೂ ಎದ್ದದ್ದು.

ಇಲ್ಲಿ ಎರಡನೇ ಕ್ಲಾಸು ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತಿಲ್ಲ, ನೀವು ಹೋದಮೇಲೆ ಟೀಚರ್ ಬದಲಾದರು. ನನಗೂ ಗೊತ್ತಾಗಿದ್ದು ಮನೆಯಲ್ಲೇ. ಸಂಜೆ ನಾನು ಅಂಗಡಿಯಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ನಮ್ಮ ಮನೆಯಲ್ಲಿ ಇನ್ನೊಂದು ಸ್ಕೂಲು ಶುರುವಾಗುತ್ತದೆ. ಮೆಣಸಿ ಟೀಚರ್. ವಿದ್ಯಾರ್ಥಿಗಳು ಎರಡು ದಿಂಬು, ನೀರಿನ ಕೊಡ, ಇಸ್ತ್ರಿಪೆಟ್ಟಿಗೆ ಮತ್ತು ನಾನು. ಇಸ್ತ್ರಿಪೆಟ್ಟಿಗೆ ಎಲ್ಲರಿಗಿಂತ ಜಾಣ. ಕೊಡಕ್ಕೆ ದಿನಾ ಬೈಗುಳ. ನಾನು ಮಧ್ಯದಲ್ಲಿ ಇದ್ದೇನೆ ಅಂದುಕೊಂಡಿದ್ದೇನೆ.

ಅವಳ ಸ್ಕೂಲಿನಲ್ಲಿ ಸೋಮವಾರ ಕೆಲಸ ಹಂಚುವ ದಿನ. ಒಬ್ಬರಿಗೆ ಬೋರ್ಡು ಒರೆಸುವುದು, ಒಬ್ಬರಿಗೆ ಕಿಟಕಿ, ಇನ್ನೊಬ್ಬರಿಗೆ ಸಾಲಿನ ಮುಂದೆ ನಿಲ್ಲುವುದು. ವಾರಪೂರ್ತಿ ಅದೇ ಕೆಲಸ. ಈ ವಾರ ಇವಳಿಗೆ ಕಸದ ಬುಟ್ಟಿ ಸಿಕ್ಕಿತ್ತು. ಅದಕ್ಕೇ ಎಷ್ಟು ಜಂಬ ಅಂದರೆ, ಪೆನ್ಸಿಲ್ ಕೆತ್ತಿದ ಸಿಪ್ಪೆ ಯಾರಾದರೂ ನೆಲಕ್ಕೆ ಹಾಕಿದರೆ ಅವರ ಪಕ್ಕ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾಳಂತೆ. ಅವರು ಎತ್ತುವವರೆಗೂ ಅಲ್ಲಾಡುವುದಿಲ್ಲವಂತೆ. ನಿಮ್ಮ ಅಕ್ಕ ಕೇಳಿ, "ಥೇಟ್ ನನ್ನ ತಮ್ಮನೇ. ಬುಟ್ಟಿ ಕೊಟ್ರೂ ಮೇಸ್ತ್ರಿ ಆಗ್ತಾನೆ" ಅಂದರು.

ಬುಧವಾರ ಉಕ್ತಲೇಖನ. ಟೀಚರ್ ಪದ ಹೇಳುತ್ತಾರೆ, ಮಕ್ಕಳು ಬರೆಯಬೇಕು. ಮನೆಯ ಟೀಚರ್ ಎರಡು ಸಲ ಹೇಳುತ್ತಾಳೆ. ಮೂರನೇ ಸಲ ಕೇಳಿದ್ದಕ್ಕೆ ನನಗೆ, "ಕಿವೀನ ಮನೇಲಿ ಬಿಟ್ಟು ಬಂದ್ರಾ?" ಅಂದಳು. ನನಗೆ ಗಾಬರಿಯಾಯಿತು. "ನಿಮ್ಮ ಟೀಚರ್ ಹೀಗೆಲ್ಲ ಅಂತಾರೇನೇ?" ಅಂದೆ. "ಇಲ್ಲಮ್ಮ, ಅದು ಅತ್ತೆ ಅನ್ನೋದು" ಅಂದಳು. ಇದನ್ನು ನಿಮ್ಮ ಅಕ್ಕನಿಗೆ ಬರೆಯಬೇಡಿ.

ಈಗ ಲೆಕ್ಕದಲ್ಲಿ ಕಳೆಯುವುದು ನಡೆಯುತ್ತಿದೆ. ಸುಮ್ಮನೆ ಕಳೆಯುವುದಲ್ಲ, ಪಕ್ಕದ ಮನೆಯಿಂದ ತಂದು ಕಳೆಯುವುದು. ನಲವತ್ತೆರಡರಲ್ಲಿ ಹದಿನೇಳು ಹೋಗಬೇಕು. ಎರಡರಲ್ಲಿ ಏಳು ಹೇಗೆ ಹೋಗುತ್ತದೆ? ಟೀಚರ್ ಬೆಂಕಿಕಡ್ಡಿಯನ್ನು ಹತ್ತು ಹತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿಸಿದ್ದಾರೆ. ಬಿಡಿ ಕಡ್ಡಿ ಸಾಲದಿದ್ದರೆ ಒಂದು ಕಟ್ಟು ತಂದು ಬ್ಯಾಂಡ್ ಬಿಚ್ಚಬೇಕು. ಆಗ ಹನ್ನೆರಡು ಬಿಡಿ ಆಗುತ್ತದೆ, ಏಳು ತೆಗೆದರೆ ಐದು. ಅವಳು ಬ್ಯಾಂಡ್ ಬಿಚ್ಚಿ ಕಡ್ಡಿಗಳನ್ನು ಚಾಪೆಯ ಮೇಲೆ ಹರಡಿದಾಗ ನಾನು "ಅಯ್ಯೋ, ಇಷ್ಟೇನಾ!" ಅಂದುಬಿಟ್ಟೆ. "ಕ್ಲಾಸಲ್ಲಿ ಕೂಗಬಾರದು" ಅಂತ ಬೈಸಿಕೊಂಡೆ.

ನಿಮಗೆ ಗೊತ್ತಿರುವುದೇ, ನಮ್ಮಪ್ಪನದು ಕಟ್ಟಡದ ಕೆಲಸ. ಒಂದು ಕಟ್ಟಡಕ್ಕೆ ತಾರಸಿ ಬಿದ್ದ ಕೂಡಲೇ ಗಂಟು ಮೂಟೆ ಕಟ್ಟಿ ಇನ್ನೊಂದು ಊರು. ನಾನು ನಾಲ್ಕು ಸ್ಕೂಲು ನೋಡಿದವಳು. ಒಂದು ಸ್ಕೂಲು ಬಿಡುವಾಗ ಈ ಪಕ್ಕದ ಮನೆಯ ಲೆಕ್ಕ ಇನ್ನೂ ಶುರುವಾಗಿರಲಿಲ್ಲ. ಮುಂದಿನ ಸ್ಕೂಲಿಗೆ ಸೇರುವಾಗ ಅಲ್ಲಿ ಅದು ಮುಗಿದುಹೋಗಿತ್ತು. ಕೇಳೋಣ ಅಂದರೆ ಹೊಸಬಳು, ಬಾಯಿ ಬರಲಿಲ್ಲ. ನನ್ನ ಓದು ಹರಿದ ಬಟ್ಟೆಯಲ್ಲ ಕಣ್ರೀ, ಕಾಜ ಹಾಕದ ಅಂಗಿ. ತೋಳಿದೆ, ಕಾಲರಿದೆ, ಗುಂಡಿಯೂ ಇದೆ. ಹಾಕಿಕೊಂಡರೆ ಮಾತ್ರ ಎದೆ ಮುಚ್ಚುವುದಿಲ್ಲ.

ಯಾವ ಪಠ್ಯಪುಸ್ತಕದ ಕೊನೆಯ ಪಾಠವನ್ನೂ ನಾನು ಕ್ಲಾಸಿನಲ್ಲಿ ಕೂತು ಕೇಳಿಲ್ಲ. ಇವಳ ಪುಸ್ತಕದ ಕೊನೆಯ ಪಾಠದಲ್ಲಿ ಒಂದು ಸೇತುವೆಯ ಚಿತ್ರ ಇದೆ. ಓದಬಹುದು, ಓದಲು ಬರುತ್ತದೆ. ಆದರೂ ಓದದೆ ಇಟ್ಟುಕೊಂಡಿದ್ದೇನೆ, ಅವಳಿಗೆ ಆ ಪಾಠ ಆದ ದಿನ ನನಗೂ ಆಗುತ್ತದೆ ಅಂತ.

ಇನ್ನೊಂದಿದೆ, ಇದನ್ನು ಗಮನವಿಟ್ಟು ಓದಿ. ಶುಕ್ರವಾರ ಕೊನೇ ಪೀರಿಯಡ್ಡಿನಲ್ಲಿ ಒಬ್ಬೊಬ್ಬರು ಮನೆಯಿಂದ ಒಂದು ವಸ್ತು ತಂದು, ಮುಂದೆ ನಿಂತು ಅದರ ಬಗ್ಗೆ ಮಾತಾಡಬೇಕು. ಉಳಿದವರು ಪ್ರಶ್ನೆ ಕೇಳಬೇಕು. ಹಾಜರಿಯಲ್ಲಿ ಹೆಸರು ಕರೆಯುವ ಸಾಲಿನಲ್ಲೇ ಸರದಿ. ಮೆಣಸಿಯದು ಕೊನೆಕೊನೆಗೆ, ದೊಡ್ಡ ರಜೆಗೆ ಸ್ವಲ್ಪ ಮುಂಚೆ ಬರುತ್ತದೆ. ನೀವು ಬಿಟ್ಟುಹೋದ ಹಳೇ ಸ್ಪ್ಯಾನರ್ ತೆಗೆದುಕೊಂಡು ಹೋಗುತ್ತಾಳಂತೆ. ಈಗಿಂದಲೇ ದಿಂಬುಗಳ ಮುಂದೆ ತಯಾರಿ. "ಇದು ಸ್ಪ್ಯಾನರ್. ಇದು ನಮ್ಮಪ್ಪಂದು. ನಮ್ಮಪ್ಪ ಇದನ್ನ ಯಾರಿಗೂ ಕೊಡಲ್ಲ, ನನಗೆ ಮಾತ್ರ. ಪ್ರಶ್ನೆ ಇದ್ರೆ ಕೇಳಿ." ಯಾರೂ ಕೇಳದಿದ್ದರೆ ಅಂತ ಅವಳಿಗೆ ಭಯ. ಅದಕ್ಕೆ ನಾನೇ ದಿಂಬಿನ ಪರವಾಗಿ, "ನಿಮ್ಮಪ್ಪ ಅದರಿಂದ ಏನು ಮಾಡ್ತಾರೆ?" ಅಂದೆ. "ಸಡಿಲ ಇರೋದನ್ನೆಲ್ಲ ಬಿಗಿ ಮಾಡ್ತಾರೆ" ಅಂದಳು. ಮುಂದಿನ ತಿಂಗಳು ಬಂದರೆ ಈ ಸರದಿ ಹೋಗುತ್ತದೆ. ಅಲ್ಲಿ ಹೀಗೆಲ್ಲ ಇರುತ್ತದೋ ಇಲ್ಲವೋ. ಇದ್ದರೂ ಅವಳ ಹೆಸರು ಅಲ್ಲಿಯ ಹಾಜರಿಯ ಬಾಲದಲ್ಲಿ ಸೇರುತ್ತದೆ.

ಗುರುವಾರ ಅಂಗಡಿಗೆ ಅರ್ಧ ದಿನ ರಜೆ ಹೇಳಿ ಟೀಚರ್ ಹತ್ತಿರ ಹೋದೆ. ಏನು ಕೇಳಬೇಕು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ, ಅವರ ಮುಖ ನೋಡಿದ ಕೂಡಲೇ ಎಲ್ಲ ಮರೆತು, "ಮಗು ಊಟದ ಡಬ್ಬಿ ಖಾಲಿ ಮಾಡ್ತಾಳಾ ಟೀಚರ್?" ಅಂದೆ. ಅವರು ಕುರ್ಚಿ ಎಳೆದು ಕೂರಿಸಿದರು. ಆಮೇಲೆ ಹೇಳಿದೆ. ಟಿ.ಸಿ. ಯಾವಾಗ ಕೇಳಿದರೂ ಕೊಡುತ್ತಾರಂತೆ. ಅಲ್ಲಿಯವರೂ ಸೇರಿಸಿಕೊಳ್ಳುತ್ತಾರಂತೆ. "ಹಾಗಾದ್ರೆ ಏನೂ ತೊಂದರೆ ಇಲ್ವಲ್ಲ?" ಅಂತ ಕೇಳಿದೆ.

"ಮಕ್ಕಳು ಹೊಂದ್ಕೊಳ್ತಾರಮ್ಮ" ಅಂದರು. "ಹೊಂದ್ಕೊಳ್ಳೋಕೆ ಸ್ವಲ್ಪ ದಿನ ಬೇಕು. ಆ ಸ್ವಲ್ಪ ದಿನದಲ್ಲಿ ಅಲ್ಲಿ ಏನು ಹೇಳ್ಕೊಡ್ತಾರೋ ಅದು ತಲೆಗೆ ಹೋಗಲ್ಲ, ಅಷ್ಟೇ. ವರ್ಷ ಮುಗಿಯೋಕೆ ಇನ್ನೆರಡು ತಿಂಗಳು. ತಡೆಯೋಕಾಗಲ್ವಾ?"

ಯಜಮಾನರನ್ನ ಕೇಳ್ತೀನಿ ಅಂದು ಬಂದೆ.

ನಿಮ್ಮ ಅಕ್ಕನ ಹತ್ತಿರ ಹೇಳಿದ್ದಕ್ಕೆ ನಕ್ಕರು. "ಎರಡನೇ ಕ್ಲಾಸಿಗೆ ಇಷ್ಟು ತಲೆ ಕೆಡಿಸ್ಕೊಂಡಿದೀಯಲ್ಲೇ, ಡಾಕ್ಟರ್ ಓದ್ತಿದಾಳಾ? ಅಲ್ಲಿ ಅವನು ಹೋಟೆಲ್ ಊಟ ತಿಂದು ಸೊರಗ್ತಿದಾನೆ, ನಿನಗೆ ಬೆಂಕಿಕಡ್ಡಿ ಯೋಚನೆ." ಆ ಮಾತು ನನಗೆ ನಾಟಿತು, ಸುಳ್ಳು ಹೇಳುವುದಿಲ್ಲ. ನೀವು ಕೆಲಸ ಮುಗಿಸಿ ಬಂದರೆ ಮಾತಾಡಲು ಗೋಡೆ ಬಿಟ್ಟು ಇನ್ನೊಂದಿಲ್ಲ. ಮಗಳ ದನಿ ಕೇಳದೆ ಮನೆ ಮನೆಯಂತೆ ಇಲ್ಲ ಅಂತ ಬರೆದಿದ್ದೀರಿ. ಆ ಸಾಲನ್ನೂ ಓದಿದ್ದೇನೆ.

ಆದರೂ ಕೇಳುತ್ತೇನೆ. ಎರಡು ತಿಂಗಳು ಕೊಡಿ. ರಜೆ ಶುರುವಾದ ಮಾರನೇ ದಿನವೇ ಹೊರಡುತ್ತೇವೆ. ವ್ಯಾನು ಹೋದರೆ ಹೋಗಲಿ, ಮಂಚ ಮಾರಿಬಿಡೋಣ, ಹೇಗೂ ಅದರ ಒಂದು ಕಾಲಿಗೆ ಇಟ್ಟಿಗೆ ಕೊಟ್ಟಿದ್ದೇವೆ. ಮಿಕ್ಕಿದ್ದು ಎರಡು ಟ್ರಂಕು, ಬಸ್ಸಿನ ಮೇಲೆ ಹಾಕಿಸುತ್ತೇನೆ. ಬಸ್ಸಿನ ಮೇಲಿಂದ ಬಿದ್ದರೆ ಅಂತ ಈಗಲೇ ಶುರುವಾಗಿದೆ ನನಗೆ, ಆದರೆ ಅದನ್ನು ನಾನು ನೋಡಿಕೊಳ್ಳುತ್ತೇನೆ.

ಬೇಡ ಅಂದರೆ ನಾನು ಹಟ ಮಾಡುವುದಿಲ್ಲ. ಬರುತ್ತೇವೆ. ಆದರೆ "ಎಲ್ಲಿ ಹೋದರೂ ಎರಡನೇ ಕ್ಲಾಸೇ" ಅಂತ ಮಾತ್ರ ಇನ್ನೊಂದು ಸಲ ಬರೆಯಬೇಡಿ.

ಹೊತ್ತಿಗೆ ಸರಿಯಾಗಿ ತಿನ್ನಿ. ನಿಮ್ಮ ಕೈ ಬೆರಳು ಹತ್ತೂ ಸರಿಯಾಗಿರಲಿ, ಮಿಷನ್ನಿನ ಹತ್ತಿರ ಮನೆ ಯೋಚನೆ ಬೇಡ. ಮೆಣಸಿ ಒಂದು ಮುತ್ತು ಕಳಿಸಿದ್ದಾಳೆ, ಗಡ್ಡ ತೆಗೆದಿದ್ದರೆ ಮಾತ್ರ ತೆಗೆದುಕೊಳ್ಳಬೇಕಂತೆ.

ಇಲ್ಲಿಂದ,
ನಿಮ್ಮ ಗಾಬರಿ ಗೌರಮ್ಮ (ನೀವು ಇಟ್ಟ ಹೆಸರೇ)

ಮರೆತಿದ್ದು: ಮರೆತಿರಲಿಲ್ಲ, ಬರೆಯಬಾರದು ಅಂದುಕೊಂಡಿದ್ದೆ. ಊರು ಬಿಡಬಹುದು ಅಂತ ಶುಕ್ರವಾರ ಮೆಣಸಿಗೆ ಹೇಳಿದೆ. ನಿನ್ನೆ ಆಟದಲ್ಲಿ, "ಮಕ್ಕಳೇ, ಇವತ್ತು ಹೊಸ ಹುಡುಗಿ ಬಂದಿದ್ದಾಳೆ" ಅಂದು ನನ್ನ ಕಡೆ ಕೈ ತೋರಿಸಿದಳು. "ಹೋಗಿ ಕೂತ್ಕೊಳ್ಳಿ" ಅಂದಳು. ದಿಂಬುಗಳ ಪಕ್ಕ ಚಾಪೆ ಪೂರ್ತಿ ಖಾಲಿ ಇತ್ತು. ನಾನು ಹೋಗಿ ಬಾಗಿಲ ಹತ್ತಿರ, ಚಪ್ಪಲಿ ಬಿಡುವ ಕಡೆ ಕೂತೆ. ಬೇಕೂಂತ ಮಾಡಿದ್ದಲ್ಲ ಕಣ್ರೀ, ಕಾಲು ತಾನಾಗಿ ಹೋಯಿತು. ನಾಲ್ಕು ಸ್ಕೂಲಿನಲ್ಲೂ ನಾನು ಕೂತಿದ್ದು ಅಲ್ಲೇ. ಯಾರೂ ಅಲ್ಲೇ ಕೂರು ಅಂದಿರಲಿಲ್ಲ, ಇಲ್ಲಿ ಬಾ ಅಂತಲೂ ಯಾರೂ ಅಂದಿರಲಿಲ್ಲ. ಮೆಣಸಿ ಟೀಚರ್ ದನಿ ಬಿಟ್ಟು ತನ್ನ ದನಿಯಲ್ಲಿ ಕೇಳಿದಳು, "ಅಮ್ಮ, ಅಲ್ಲಿಗೆ ಹೋದ್ಮೇಲೆ ನಾನೂ ಚಪ್ಪಲಿ ಹತ್ರಾನೇ ಕೂರ್ಬೇಕಾ?"

ಈ ಕಾಗದ ತಲುಪಿದ ಮಾರನೇ ದಿನ ಕೆಲಸಕ್ಕೆ ಹೋದ ಕೂಡಲೇ ಸಾಹೇಬರನ್ನು ಇನ್ನೊಂದು ಸಲ ಕೇಳಿ ನೋಡಿ: ಅವರ ಸಾಮಾನಿನ ವ್ಯಾನು ಬರುವುದು ಮುಂದಿನ ತಿಂಗಳೇನಾ, ಅಥವಾ ಅವರ ಮಕ್ಕಳಿಗೂ ಸ್ಕೂಲು ಮುಗಿದ ಮೇಲಾ?