ಕುರ್ಚಿಯ ಮೇಲೆ ಕೂತು ದಾಟಿದ ರಸ್ತೆ

ಪುನಶ್ಚೇತನ ಕೇಂದ್ರದ ಮಾನ್ಯ ನಿರ್ದೇಶಕರೇ,

ಕುರ್ಚಿಯ ಮೇಲೆ ಕೂತು ರಸ್ತೆ ದಾಟಲು ಕಲಿಸಿ, ಇವರು ಸ್ವಾವಲಂಬಿ ಎಂದು ಸಹಿ ಹಾಕಿ ನನ್ನ ಗಂಡನನ್ನು ಮನೆಗೆ ಕಳಿಸಿದವರು ನೀವು. ಅವರೀಗ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದಾರೆ. ಇದನ್ನು ನಿಮ್ಮ ಕೋಣೆಗೆ ಬಂದೇ ಹೇಳಿದ್ದೆ. ನೀವು ಗಡಿಯಾರ ನೋಡಿಕೊಂಡಿರಿ. ಅದಕ್ಕೇ ಈಗ ಊರಿಗೆಲ್ಲ ಕೇಳಿಸುವಂತೆ ಹೇಳುತ್ತಿದ್ದೇನೆ.

ನನ್ನ ಗಂಡ ಕಿಟಕಿಗಳಿಗೆ ಗಾಜು ಕೂರಿಸುವವರು. ಏಣಿಯಿಂದ ಬಿದ್ದು ತಲೆಗೆ ಪೆಟ್ಟಾಯಿತು. ಜೀವ ಉಳಿಯಿತು, ಮಾತು ಉಳಿಯಿತು, ತಮಾಷೆಯೂ ಉಳಿಯಿತು. ಪ್ರಪಂಚದ ಎಡಭಾಗ ಮಾತ್ರ ಅವರ ಪಾಲಿಗೆ ಇಲ್ಲವಾಯಿತು. ಕಣ್ಣು ಸರಿಯಾಗಿದೆ, ಮೆದುಳು ಆ ಕಡೆ ಗಮನ ಕೊಡುತ್ತಿಲ್ಲ ಎಂದರು ಡಾಕ್ಟರು. ತಟ್ಟೆಯ ಬಲಗಡೆ ಇದ್ದದ್ದನ್ನು ಮುಗಿಸಿ, “ಇಷ್ಟೇನಾ? ಜಿಪುಣಿ ಆಗ್ಬಿಟ್ಯಲ್ಲೇ” ಎನ್ನುತ್ತಿದ್ದರು. ನಾನು ತಟ್ಟೆ ತಿರುಗಿಸಿ ಇಡುತ್ತಿದ್ದೆ.

ನಿಮ್ಮ ಕೇಂದ್ರದಲ್ಲಿ ಮೊದಮೊದಲು ನಡೆದದ್ದು ಚಿಕಿತ್ಸೆಯೇ, ಸುಳ್ಳು ಹೇಳಲಾರೆ. ಕಣ್ಣಿಗೆ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಕಟ್ಟಿ ಟ್ರೆಡ್‌ಮಿಲ್ ಮೇಲೆ ನಡೆಸುತ್ತಿದ್ದರು. ಒಳಗೆ ಬೀದಿ, ಅಂಗಡಿ, ಓಡಾಡುವ ವಾಹನಗಳು. ಹೊರಗೆ ಧಾರಾಕಾರ ಬೆವರು. ನನ್ನ ಗಂಡನ ಸೊಂಟದ ಬೆಲ್ಟ್ ಹಿಡಿದು ಫಿಸಿಯೋ ಮೇಡಂ ಪಕ್ಕದಲ್ಲೇ ನಿಂತಿರುತ್ತಿದ್ದರು.

“ಅಣ್ಣಾ, ಎಡಗಡೆ ನೋಡಿ. ಏನು ಬರ್ತಿದೆ?”

“ಏನೂ ಇಲ್ಲಮ್ಮ.”

“ಕತ್ತು ಇನ್ನೂ ತಿರುಗಿಸಿ.”

“ಅಯ್ಯಪ್ಪಾ, ಬಸ್ಸು!”

ಇಬ್ಬರೂ ನಗುತ್ತಿದ್ದರು. ಬರಬರುತ್ತಾ ಯಾರೂ ಹೇಳದೆಯೇ ಕತ್ತು ತಿರುಗತೊಡಗಿತು. ಒಂದು ಬೆಳಿಗ್ಗೆ ತಿಂಡಿಗೆ ಕೂತಾಗ ಎಡಬದಿಯಲ್ಲಿದ್ದ ಲೋಟವನ್ನು ತಾವೇ ಎತ್ತಿಕೊಂಡರು. ನಾನು ಕೇಂದ್ರದ ವರಾಂಡಕ್ಕೆ ಹೋಗಿ ಅತ್ತುಬಿಟ್ಟೆ.

ಆಮೇಲೆ ತಾವು ದಯಮಾಡಿಸಿದಿರಿ, ಆಧುನೀಕರಣವನ್ನು ಕಂಕುಳಲ್ಲಿ ಇಟ್ಟುಕೊಂಡು. ಟ್ರೆಡ್‌ಮಿಲ್‌ಗಳು ಗೋದಾಮು ಸೇರಿದವು, ಫಿಸಿಯೋ ಮೇಡಂ ಬೇರೆ ಕೇಂದ್ರ ಸೇರಿದರು. ಸಾಲಾಗಿ ಕುರ್ಚಿಗಳು ಬಂದವು. ಒಂದೊಂದು ಕುರ್ಚಿಗೆ ಒಬ್ಬೊಬ್ಬ ರೋಗಿ, ಮುಖಕ್ಕೆ ಹೆಡ್‌ಸೆಟ್, ಕೈಗೊಂದು ಗುಂಡಿ. ಗುಂಡಿ ಒತ್ತಿದರೆ ರಸ್ತೆ ದಾಟಿದಂತೆ. ತಪ್ಪಾದ ಹೊತ್ತಿನಲ್ಲಿ ಒತ್ತಿದರೆ? ಕಾರು ಮೈಯೊಳಗಿಂದ ಹಾದುಹೋಗಿ, ಗಂಟೆ ಬಾರಿಸಿ, ಆಟ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಎಂಥ ದಯಾಮಯ ಕಾರುಗಳು! ಕಾಲಿಗೆ ಕೆಲಸವೇ ಇಲ್ಲದ ವ್ಯಾಯಾಮ ಕಂಡುಹಿಡಿದ ತಮಗೆ, ಈಜು ಕಲಿಸಲು ನೀರೂ ದಂಡ ಅನ್ನಿಸಿರಬೇಕಲ್ಲವೇ?

ನನ್ನ ಗಂಡ ಆ ಆಟದಲ್ಲಿ ಪಳಗಿದರು. “ಯಾವುದರ ಹಿಂದೆ ಯಾವ್ದು ಬರುತ್ತೆ ಅಂತ ಬಾಯಿಪಾಠ ಆಗಿದೆ ಕಣೇ. ನೋಡೋದೇ ಬೇಡ!” ಎಂದು ಜಂಭ ಕೊಚ್ಚಿಕೊಂಡರು. ಓಡಿಬಂದು ನಿಮಗೆ ಹೇಳಿದೆ. “ಅಂಕ ಚೆನ್ನಾಗಿದೆಯಲ್ಲಮ್ಮ, ಇನ್ನೇನು ಬೇಕು ನಿಮಗೆ?” ಎಂದಿರಿ.

ಮನೆಗೆ ಬಂದ ವಾರದಲ್ಲೇ ಅಂಗಡಿಗೆ ಹೊರಟೆವು. ನಾನು ಬಾಗಿಲಿಗೆ ಬೀಗ ಹಾಕುತ್ತಿದ್ದೆ. “ಬೇಗ ಬಾರೇ, ದಾರಿ ಖಾಲಿ ಇದೆ” ಎಂದು ಕೂಗಿ, ಬಲಕ್ಕೆ ನೋಡಿ, ಠೀವಿಯಿಂದ ರಸ್ತೆಗೆ ಇಳಿದೇಬಿಟ್ಟರು. ವ್ಯಾನು ಎಡದಿಂದ ಬಂತು. ನಾನು ಓಡಿಹೋಗಿ ನೋಡಿದಾಗ ಅವರು ಬಿದ್ದಲ್ಲಿಯೇ ಬಲಗೈಯಿಂದ ಮುಖವನ್ನು ತಡವುತ್ತಿದ್ದರು. “ತೆಗಿಯೇ ಇದನ್ನ. ಆಟ ಮುಗೀತು, ತೆಗಿ.” ಮುಖದ ಮೇಲೆ ರಕ್ತ ಬಿಟ್ಟರೆ ಬೇರೇನೂ ಇರಲಿಲ್ಲ.

“ಯಂತ್ರದ್ದೇನೂ ದೋಷ ಇಲ್ಲಮ್ಮ, ಅವರು ಎಡಗಡೆ ನೋಡಲಿಲ್ಲ” ಎಂದು ತಾವು ತೀರ್ಪು ಕೊಟ್ಟಿರಿ. ಸ್ವಾಮಿ, ಎಡಗಡೆ ನೋಡಲು ಬರುತ್ತಿದ್ದರೆ ನಿಮ್ಮ ಬಾಗಿಲು ಯಾಕೆ ತಟ್ಟುತ್ತಿದ್ದೆವು? ಕಾಯಿಲೆಯನ್ನೇ ರೋಗಿಯ ತಪ್ಪು ಎನ್ನುವ ವಿದ್ಯೆಯನ್ನು ಎಲ್ಲಿ ಕಲಿತಿರಿ? ಅದನ್ನೂ ಕುರ್ಚಿಯಲ್ಲಿ ಕೂತೇ ಕಲಿತಿರಾ?

ಟ್ರೆಡ್‌ಮಿಲ್‌ಗಳನ್ನು ಹೊರಗೆ ತೆಗೆಯಿರಿ. ಫಿಸಿಯೋ ಮೇಡಂ ಅವರನ್ನು ಕರೆಸಿ. ಹೆಡ್‌ಸೆಟ್ ಬೇಡ ಎನ್ನುತ್ತಿಲ್ಲ. ಕಟ್ಟಿಕೊಂಡವರನ್ನು ಎಬ್ಬಿಸಿ ನಡೆಸಿ, ಪಕ್ಕದಲ್ಲಿ ಒಬ್ಬ ಮನುಷ್ಯ ಇರಲಿ. ಅಲ್ಲಿಯವರೆಗೆ ಅದನ್ನು ಚಿಕಿತ್ಸೆ ಎಂದು ಕರೆಯಬೇಡಿ.

ಆಮೇಲೆ ನಮ್ಮ ಮನೆಗೆ ಬನ್ನಿ. ಎಚ್ಚರವಾದ ಕೂಡಲೇ ಅವರು, “ಇವತ್ತಾದ್ರೂ ತೆಗೀತಾರಾ?” ಎಂದು ಮುಖ ತಡವುತ್ತಾ ಕೇಳುತ್ತಾರೆ. “ಅದು ನಿಜವಾದ ರಸ್ತೆ, ಇದು ನಿಜವಾದ ಮಂಚ, ನಾನು ನಿಮ್ಮ ನಿಜವಾದ ಹೆಂಡತಿ” ಎಂದರೆ ನಂಬುವುದಿಲ್ಲ. ನಿಮ್ಮ ಮೇಲೆ ಮಾತ್ರ ಅವರಿಗೆ ಇನ್ನೂ ಅಪಾರ ವಿಶ್ವಾಸ. ಇದು ಆಟವಲ್ಲ ಎಂದು ನೀವೇ ಬಾಯಿಬಿಟ್ಟು ಹೇಳಿ. ಹೇಳುವಾಗ ಮಂಚದ ಬಲಗಡೆ ನಿಂತುಕೊಳ್ಳಿ. ಎಡಗಡೆ ನಿಂತರೆ ನೀವೂ ಅವರಿಗೆ ಕಾಣುವುದಿಲ್ಲ.

ಇಂತಿ,
ವಿಶ್ವಾಸಕ್ಕೆ ಅರ್ಹಳಾಗದ,
ನಿಮ್ಮ ಯಶಸ್ವಿ ರೋಗಿಯ ಹೆಂಡತಿ